ಮಾಳಿಗೆಯ ಬಿಸಿಲೂ ಸಾಲದ ಕಂತೂ

ನಮ್ಮ ದಾವಣಗೆರೆ ಸೀಮೆಯಲ್ಲಿ, ಅದರಲ್ಲಿಯೂ ಜಗಳೂರಿನ ಕಡೆ, ಮಳೆಗೆ ಬರವುಂಟಾದರೂ ಬಿಸಿಲಿಗೆ ಬರವಿಲ್ಲ. ಆದರೂ ಮಾಳಿಗೆಯ ಮೇಲೆ ಸೌರಫಲಕವನ್ನು ಹಾಕಿಸಬೇಕೆಂದರೆ ಗೃಹಸ್ಥನು ಹಿಂದುಮುಂದು ನೋಡುತ್ತಾನೆ. ಇದಕ್ಕೆ ಅಜ್ಞಾನವೇ ಕಾರಣವೆನ್ನುವವರ ಮಾತನ್ನು ನಾವು ಒಪ್ಪಲಾರೆವು.

೨೦೨೪ನೆಯ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟಿಗೆ ೬೦,೦೦೦ ರೂಪಾಯಿ, ಮೂರು ಕಿಲೋವ್ಯಾಟಿಗೂ ಅದಕ್ಕೆ ಮೇಲ್ಪಟ್ಟುದಕ್ಕೂ ೭೮,೦೦೦ ರೂಪಾಯಿ ಸಹಾಯಧನವನ್ನು ಗೊತ್ತುಮಾಡಿದರು. ಆದರೆ ಆ ಹಣವು ಫಲಕಗಳನ್ನು ಕೂರಿಸಿ, ಪರೀಕ್ಷೆ ಮುಗಿದ ತರುವಾಯ ಖಾತೆಗೆ ಬರತಕ್ಕದ್ದು. ಬಾವಿ ತೋಡಿದ ಮೇಲೆ ಗುದ್ದಲಿ ಕೊಟ್ಟಂತೆ! ಆದುದರಿಂದ ಮೊದಲಿಗೆ ಸಾಲವೇ ಗತಿ.

ಅಲ್ಲಿ ಎದುರಾಗುವ ವಿಘ್ನ ಹೆಸರಿನದು. ನಮ್ಮ ಮನೆಯ ಮೀಟರು ಸ್ವರ್ಗಸ್ಥರಾದ ತಂದೆಯವರ ಹೆಸರಿನಲ್ಲಿತ್ತು, ಕಂದಾಯದ ಪುಸ್ತಕ ಅಣ್ಣನವರ ಹೆಸರಿನಲ್ಲಿ, ಅರ್ಜಿ ನಮ್ಮದು. ಅದನ್ನು ತಿದ್ದಿಸುವುದಕ್ಕೆ ನಾಲ್ಕು ಸಾರಿ ಅಲೆದೆವು. ಪಾಲಾಗದ ಮನೆಗಳಲ್ಲಿ ಇದು ಅಪರೂಪವಲ್ಲ.

ಎರಡನೆಯದು ಕಂತು. ಚನ್ನಗಿರಿಯ ಅಡಕೆಯವನಿಗೆ ಹಣ ಕಾಣುವುದು ಕೊಯ್ಲಿನ ಮೇಲೆ. ಹೊನ್ನಾಳಿ, ನ್ಯಾಮತಿಗಳ ಭತ್ತದವನಿಗೆ ಸುಗ್ಗಿಯಲ್ಲಿ. ಜಗಳೂರಿನ ಮೆಕ್ಕೆಜೋಳದವನಿಗೆ ಮಳೆ ಒಲಿದರೆ ಮಾತ್ರ. ಕಂತಾದರೋ ತಿಂಗಳು ತಪ್ಪದೆ ಬರುವುದು. ೧೯೯೫ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿದವರಲ್ಲಿ ಒಬ್ಬರಾದ ಹರೀಶ್ ಹಂದೆಯವರು ಇದನ್ನು ಮೊದಲೇ ಕಂಡುಕೊಂಡರು. ಬೀದಿಯ ವ್ಯಾಪಾರಿಗೆ ತಿಂಗಳಿಗೆ ೩೦೦ ರೂಪಾಯಿ ಭಾರವಾದರೂ ದಿನಕ್ಕೆ ೧೦ ರೂಪಾಯಿ ಹಗುರವೆಂಬುದು ಅವರ ಅನುಭವ. ಮೊತ್ತ ಒಂದೇ, ಕಾಲ ಬೇರೆ.

ಮೂರನೆಯದು ನಾಡಿನ ಸರ್ಕಾರದ ಗೃಹಜ್ಯೋತಿ. ೨೦೨೩ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ೨೦೦ ಯೂನಿಟ್ಟಿನ ಮಿತಿಯೊಳಗೆ ಉರಿಸುವ ಮನೆಗೆ ವಿದ್ಯುತ್ತು ಬಹುಮಟ್ಟಿಗೆ ಉಚಿತ. ಬಿಲ್ಲೇ ಇಲ್ಲದವನು ಬಿಲ್ಲು ಉಳಿಸಲೆಂದು ಸಾಲ ಮಾಡುವನೇ? ಇದು ಸೋಮಾರಿತನವಲ್ಲ, ಲೆಕ್ಕ. ಆ ಮಿತಿಯನ್ನು ಮೀರುವವನಿಗಾದರೋ ಪೂರ್ತಿ ಬಿಲ್ಲು ಬರುವುದರಿಂದ ಫಲಕವು ಫಲಕಾರಿಯೇ.

ಪರಿಹಾರವು ದೂರದಲ್ಲಿಲ್ಲ. ಬೆಳೆಸಾಲವನ್ನು ಕೊಯ್ಲಿನ ಮೇಲೆ ವಸೂಲು ಮಾಡುವ ಪದ್ಧತಿಯನ್ನು ನಮ್ಮ ಹಳ್ಳಿಗಳ ಸಹಕಾರ ಸಂಘಗಳು ಚೆನ್ನಾಗಿ ಬಲ್ಲವು. ಬಿಸಿಲಿನ ಸಾಲಕ್ಕೂ ಅದೇ ಪದ್ಧತಿ ಬಂದರೆ ಅರ್ಧ ಭಯ ಕಳೆಯುವುದು. ಗೃಹಸ್ಥರಾದರೂ ಸಾಲ ಕೇಳುವ ಮೊದಲು ಎರಡು ಕೆಲಸಗಳನ್ನು ಮಾಡಲಿ: ಮೀಟರಿನ ಹೆಸರನ್ನು ತಿದ್ದಿಸಲಿ, ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಮನೆಯವರೊಡನೆ ಕುಳಿತು ಕೂಡಲಿ. ಆ ಲೆಕ್ಕವು ಬೇಡವೆಂದರೆ ಬಿಡುವುದರಲ್ಲಿ ನಾಚಿಕೆಯಿಲ್ಲ. ಬೇಕೆಂದರೆ, ಹೆಸರಿನದೊಂದು ವಿಘ್ನವಾದರೂ ಆಗಲೇ ತೊಲಗಿರುವುದು.