ಡ್ರೈ ಕ್ಲೀನಿಂಗ್ ಅಂಗಡಿ ಇಡಲು ಎಷ್ಟು ಬೇಕು?

ಮದುವೆ ಊಟದಲ್ಲಿ ಪಾಯಸ ಚೆಲ್ಲಿ ರೇಷ್ಮೆ ಸೀರೆಗೆ ಕಲೆಯಾಯಿತೆನ್ನಿ. ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಡ್ರೈ ಕ್ಲೀನಿಂಗ್‌ಗೆ ಕೊಡು.’ ಅಲ್ಲಿ ದುಡ್ಡು ಎಣಿಸಿಕೊಡುವಾಗ ‘ನಾವೇ ಇಂಥದೊಂದು ಅಂಗಡಿ ಇಟ್ಟರೆ?’ ಎಂಬ ಯೋಚನೆ ಬರುವುದೂ ಸಹಜ. ಇಡಬಹುದು. ಆದರೆ ಲೆಕ್ಕ ಹಾಕುವವರು ಸಾಮಾನ್ಯವಾಗಿ ಯಂತ್ರದ ಬೆಲೆ ಕೇಳಿ ಅಲ್ಲಿಗೇ ನಿಲ್ಲಿಸುತ್ತಾರೆ.

ಮೊದಲು ಮಕ್ಕಳ ಪ್ರಶ್ನೆಗೆ ಉತ್ತರ. ‘ಡ್ರೈ’ ಎಂದರೂ ಬಟ್ಟೆ ಒದ್ದೆಯಾಗುತ್ತದೆ, ನೀರಿನಿಂದಲ್ಲ, ದ್ರಾವಕದಿಂದ. ರೇಷ್ಮೆ, ಉಣ್ಣೆಯ ಎಳೆಗಳು ನೀರು ಹೀರಿ ಉಬ್ಬುತ್ತವೆ, ಬಟ್ಟೆ ಆಕಾರ ಕೆಡುತ್ತದೆ. ದ್ರಾವಕದಲ್ಲಿ ಹಾಗಾಗುವುದಿಲ್ಲ. ಎಣ್ಣೆ, ತುಪ್ಪ ಅದರಲ್ಲಿ ಕರಗುತ್ತವೆ. ಸಕ್ಕರೆ ಮಾತ್ರ ಕರಗುವುದಿಲ್ಲ! ಪಾಯಸದ ತುಪ್ಪ ಹೋಗಿ ಸಕ್ಕರೆ ಕಣ್ಣಿಗೆ ಕಾಣದಂತೆ ಉಳಿದರೆ, ಇಸ್ತ್ರಿಯ ಬಿಸಿಗೆ ಅದೇ ಕಂದು ಕಲೆಯಾಗಿ ಮೇಲೇಳುತ್ತದೆ. ಆದ್ದರಿಂದ ಯಂತ್ರಕ್ಕೆ ಹಾಕುವ ಮೊದಲೇ ಕಲೆ ಯಾವುದರದ್ದೆಂದು ಗುರುತಿಸಿ, ಅದಕ್ಕೆ ತಕ್ಕಂತೆ ಕೈಯಲ್ಲೇ ತೆಗೆಯಬೇಕು. ಅಂಗಡಿಯ ಹೆಸರು ನಿಲ್ಲುವುದು ಈ ಕೆಲಸ ಬಲ್ಲವನ ಮೇಲೆ; ಅವನಿಗೆ ಒಳ್ಳೆಯ ಸಂಬಳ ಕೊಡಲೇಬೇಕು.

ಇನ್ನು ಖರ್ಚು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಇದೆ. ತಿಂಗಳಿಗೆ 15,000 ರೂಪಾಯಿ ಬಾಡಿಗೆ ಎಂದರೆ ಬೀಗ ತೆಗೆಯುವ ಮೊದಲೇ ಒಂದೂವರೆ ಲಕ್ಷ ಹೋಯಿತು. ವಾಣಿಜ್ಯ ದರದ ವಿದ್ಯುತ್, ಟ್ರೇಡ್ ಲೈಸೆನ್ಸ್, ಹಬೆ ಇಸ್ತ್ರಿಯ ಮೇಜು, ಬಾಯ್ಲರ್, ಬೆಂಕಿ ಆರಿಸುವ ಸಾಧನ ಇವೆಲ್ಲ ಬೇರೆ. ಪೆಟ್ರೋಲಿಯಂ ದ್ರಾವಕ ಹೊತ್ತಿಕೊಳ್ಳುವಂಥದು, ಆದ್ದರಿಂದ ಕೊನೆಯದನ್ನು ಮುಂದೂಡುವಂತಿಲ್ಲ. ಡ್ರೈ ಕ್ಲೀನಿಂಗ್ ಯಂತ್ರಕ್ಕೇ ಹಲವು ಲಕ್ಷ ಬೇಕು. ‘ಪರ್ಕ್’ ಎಂಬ ದ್ರಾವಕದ ಹಳೆಯ ಯಂತ್ರ ಅಗ್ಗಕ್ಕೆ ಸಿಕ್ಕರೆ ಮರುಳಾಗಬೇಡಿ. ಆರೋಗ್ಯಕ್ಕೆ ಅಪಾಯವೆಂಬ ಕಾರಣಕ್ಕೆ, ಡ್ರೈ ಕ್ಲೀನಿಂಗ್‌ನಲ್ಲಿ ಅದರ ಬಳಕೆಯನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸುವ ನಿಯಮವನ್ನು ಅಮೆರಿಕ 2024ರ ಡಿಸೆಂಬರ್‌ನಲ್ಲಿ ಹೊರಡಿಸಿತು. ಯಂತ್ರದ ತಳದಲ್ಲಿ ಉಳಿಯುವ ಕೆಸರೂ ವಿಷವೇ, ಚರಂಡಿಗೆ ಸುರಿಯುವಂತಿಲ್ಲ.

ಸಾಲಕ್ಕೆ ಮುದ್ರಾ ಯೋಜನೆ ಇದೆ: ‘ಶಿಶು’ವಿನಲ್ಲಿ 50,000ದವರೆಗೆ, ‘ಕಿಶೋರ’ದಲ್ಲಿ 5 ಲಕ್ಷದವರೆಗೆ, ‘ತರುಣ’ದಲ್ಲಿ 10 ಲಕ್ಷದವರೆಗೆ. ಆದರೆ ಕಂತು ಪ್ರತಿ ತಿಂಗಳೂ ಬರುತ್ತದೆ, ಮದುವೆ ಹಾಗಲ್ಲ. ಆಷಾಢದಲ್ಲಿ ಸೀರೆಗಳು ಬೀರುವಿನಲ್ಲೇ ಇರುತ್ತವೆ. ಬಾಡಿಗೆ, ಸಂಬಳ, ಕಂತಿಗೆ ಆಷಾಢ ಗೊತ್ತಿಲ್ಲ. ಕಡೇಪಕ್ಷ ಆರು ತಿಂಗಳ ಖರ್ಚು ಕೈಯಲ್ಲಿರಬೇಕೆಂದು ನನ್ನ ಎಣಿಕೆ.

ಯಾರೂ ಬರೆದುಕೊಳ್ಳದ ಖರ್ಚು ಇನ್ನೊಂದಿದೆ. ಸೀರೆಗೆ 200 ರೂಪಾಯಿ ಪಡೆದು, ಎಲ್ಲ ಕಳೆದು 50 ಉಳಿಯಿತೆನ್ನಿ. ಒಂದೇ ಒಂದು 15,000 ರೂಪಾಯಿಯ ಸೀರೆ ಬಣ್ಣ ಬಿಟ್ಟಿತು, ಬೆಲೆ ತುಂಬಿಕೊಟ್ಟಿರಿ. ಮುನ್ನೂರು ಸೀರೆ ತೊಳೆದ ಲಾಭ ಒಂದೇ ದಿನ ಹೋಯಿತು. ಅದು ಯಾರದೋ ಅಜ್ಜಿಯ ಧಾರೆ ಸೀರೆಯಾಗಿದ್ದರೆ ದುಡ್ಡು ಕೊಟ್ಟರೂ ಅವರ ಮುಖ ನೋಡುವುದು ಕಷ್ಟ.

ಹಾಗಾಗಿ ಹೊಸಬರು ಯಂತ್ರ ಕೊಳ್ಳದೆ ಶುರುಮಾಡುವುದೇ ಮೇಲು. ಬಟ್ಟೆ ಪಡೆದುಕೊಳ್ಳುವ ಚಿಕ್ಕ ಮಳಿಗೆ, ಒಂದು ಇಸ್ತ್ರಿ ಮೇಜು ಸಾಕು; ಒಗೆತವನ್ನು ದೊಡ್ಡ ಘಟಕಕ್ಕೆ ಕೊಡಿ. ಲಾಭದ ದೊಡ್ಡ ಪಾಲು ಅವರಿಗೇ ಹೋಗುತ್ತದೆ, ನಿಜ. ಆದರೆ ಬಡಾವಣೆಯಲ್ಲಿ ತಿಂಗಳಿಗೆ ಎಷ್ಟು ಸೀರೆ, ಎಷ್ಟು ಕೋಟು ಬರುತ್ತವೆಂದು ಒಂದು ವರ್ಷದಲ್ಲಿ ತಿಳಿಯುತ್ತದೆ. ಯಂತ್ರ ಬೇಕೋ ಬೇಡವೋ ಆಗ ನೋಡಬಹುದು. ಮೊದಲ ದಿನಕ್ಕೆ ಬೇಕಾದ್ದು ಒಂದು ರಸೀದಿ ಪುಸ್ತಕ. ಗಿರಾಕಿಯ ಎದುರೇ ಸೀರೆ ಬಿಡಿಸಿ, ಇರುವ ಕಲೆ, ಹರಿದ ಅಂಚು, ಮಾಸಿದ ಜರಿ ಎಲ್ಲವನ್ನೂ ಅದರಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ.