ಉಪ್ಪಿನಲ್ಲಿ ನೆನೆದ ಟೊಮೆಟೊ

ಕಡೂರು, ತರೀಕೆರೆ, ಅಜ್ಜಂಪುರದ ಸಂತೆಗಳಲ್ಲಿ ಟೊಮೆಟೊ ಬೆಲೆ ಕುಸಿದ ದಿನ ಕೊಳ್ಳುವವರಿಗೆ ಹರ್ಷ, ಬೆಳೆದವನಿಗೆ ಕಣ್ಣೀರು. ದಾಸೋಹವನ್ನು ಬಲ್ಲ ಮನೆಯಲ್ಲಿ ಅಂಥ ಹಣ್ಣು ಮೂಲೆಯಲ್ಲಿ ಕೊಳೆಯಲಾಗದು. ದಕ್ಷಿಣ ಅಮೆರಿಕದಿಂದ ಬಂದ ಈ ಹಣ್ಣನ್ನು ಸಾರಿಗೆ, ಗೊಜ್ಜಿಗೆ ಬೇಯಿಸುವುದೇ ನಮ್ಮಲ್ಲಿ ರೂಢಿ. ಹಸಿಯಾಗಿ ನೆನೆಸಿ ಉಣ್ಣುವವರು ವಿರಳ.

ಕೆಂಪೇರಿದರೂ ಗಟ್ಟಿಯಾಗಿರುವ 4 ಹಣ್ಣುಗಳನ್ನು ತೊಳೆದು ಬಿಲ್ಲೆಗಳಾಗಿ ಹೆಚ್ಚಿರಿ. ನಮ್ಮ ಸೀಮೆಯ ಈರುಳ್ಳಿ 1, ಹಸಿಮೆಣಸಿನಕಾಯಿ 1, ಅರ್ಧ ಚಮಚ ಉಪ್ಪು, ಚಿಟಿಕೆ ಬೆಲ್ಲದ ಪುಡಿ, ಅರ್ಧ ನಿಂಬೆಹಣ್ಣಿನ ರಸ ಬೆರೆಸಿ ಅರ್ಧ ಗಂಟೆ ಮುಚ್ಚಿಡಿರಿ. ಉಪ್ಪು ಹಣ್ಣಿನೊಳಗಿನ ನೀರನ್ನು ಹೊರಕ್ಕೆ ಸೆಳೆಯುತ್ತದೆ. ಆ ನೀರಿನಲ್ಲಿಯೇ ಹೋಳುಗಳು ನೆನೆದು ಮೃದುವಾಗುತ್ತವೆ. ಅದನ್ನು ಬಸಿದು ಚೆಲ್ಲುವವರನ್ನು ಕಂಡಿದ್ದೇನೆ. ಸವಿಯೆಲ್ಲ ಅಲ್ಲಿಯೇ ಇದೆಯಲ್ಲ! ಹಲ್ಲಿಲ್ಲದ ಅಜ್ಜಂದಿರೂ ರೊಟ್ಟಿಯನ್ನು ಅದರಲ್ಲಿ ಅದ್ದಿ ಉಣ್ಣಬಲ್ಲರು. ಅವರಿಗೆ ರಕ್ತದೊತ್ತಡವಿದ್ದರೆ ಉಪ್ಪು ತಗ್ಗಿಸಿ, ನಿಂಬೆರಸ ಹೆಚ್ಚಿಸಿರಿ. ಹುಳಿ ಪದಾರ್ಥವಾದ್ದರಿಂದ ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆ ಸಲ್ಲದು. ಪಿಂಗಾಣಿ, ಸ್ಟೀಲು ಆದೀತು.

ಬಡಿಸುವಾಗ ಕೊತ್ತಂಬರಿ ಸೊಪ್ಪು, ತೆಂಗಿನ ತುರಿ, ಸಾಸಿವೆ ಒಗ್ಗರಣೆ. ತುರಿ ಬೆರೆತ ಮೇಲೆ ಇದು ರಾತ್ರಿಯವರೆಗೆ ಇಡುವಂಥದಲ್ಲ. ನೆರೆಮನೆಗೂ ಒಂದು ಬಟ್ಟಲು ಕಳುಹಿಸಿರಿ.