ಮೋಟಾರು ಗಾಡಿಯ ಸದ್ದೂ ಅದರ ನಿದಾನವೂ

ಯಂತ್ರಗಳ ದೋಷಗಳು ಎರಡು ಬಗೆಯವು. ಸದಾಕಾಲವೂ ಇರತಕ್ಕದ್ದು ಒಂದು. ಬಂದು ಹೋಗತಕ್ಕದ್ದು ಇನ್ನೊಂದು. ಮೊದಲನೆಯದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಬಾವಿಯ ರಾಟೆಯು ಪ್ರತಿಸಲವೂ ಕಿರುಗುಟ್ಟಿದರೆ ಅದಕ್ಕೆ ಎಣ್ಣೆ ಬೇಕಾಗಿದೆಯೆಂಬುದು ಮನೆಯ ಮಗುವಿಗೂ ತಿಳಿಯುವುದು. ಎರಡನೆಯದಾದರೋ ಯಜಮಾನನನ್ನು ಕಾಡಿ, ದುರಸ್ತಿ ಮಾಡುವವನ ಇದಿರಿಗೆ ಮೌನವ್ರತವನ್ನು ಹಿಡಿಯುವುದು. ಒಂದು ದಿನ ಬಿಟ್ಟು ಒಂದು ದಿನ ಬರುವ ಚಳಿಜ್ವರದ ರೋಗಿಯನ್ನು ಜ್ವರವಿಲ್ಲದ ದಿನ ವೈದ್ಯನ ಬಳಿಗೆ ಕರೆದೊಯ್ದಂತೆಯೇ ಇದು. ನಾಡಿಯು ಸರಿಯಾಗಿದೆ, ಮೈ ತಣ್ಣಗಿದೆ. ಆದರೂ ರೋಗವು ಒಳಗೇ ಕುಳಿತಿದೆ.

ನಮ್ಮ ಹೊಸಪೇಟೆ, ಸಂಡೂರು, ಕಂಪ್ಲಿಯ ಸೀಮೆಯಲ್ಲಿ ಈಗ ಮೋಟಾರು ಗಾಡಿಯು ಶ್ರೀಮಂತರ ಸ್ವತ್ತಾಗಿ ಮಾತ್ರ ಉಳಿದಿಲ್ಲ. ಅದರಲ್ಲಿಯೂ ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲವನ್ನು ಹಾಯಿಸಬಲ್ಲ ಗಾಡಿಗಳು ಹೆಚ್ಚಾಗಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜೀಪೆಂಬ ಹೆಸರಿನಿಂದ ಲೋಕಪ್ರಸಿದ್ಧವಾದ ಈ ಜಾತಿಯ ಗಾಡಿಯು ಸಂಡೂರಿನ ಗುಡ್ಡಗಳಿಗೂ, ಕಬ್ಬಿಣದ ಅದಿರಿನ ಕೆಂಪು ಧೂಳಿನ ದಾರಿಗಳಿಗೂ, ಮಳೆಗಾಲದ ಕೆಸರಿಗೂ ಹೇಳಿ ಮಾಡಿಸಿದಂತಿದೆ. ಇಂಥ ಗಾಡಿಯೊಂದರ ಸ್ಟಿಯರಿಂಗಿನಲ್ಲಿ ಹುಟ್ಟಿದ ಸದ್ದಿನ ವೃತ್ತಾಂತವನ್ನೂ, ಅದರ ಮೂಲವನ್ನು ಹುಡುಕಿದ ಕ್ರಮವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವು. ಗಾಡಿಯಿಲ್ಲದವರಿಗೂ ಈ ಕ್ರಮವು ಉಪಯೋಗಕ್ಕೆ ಬಾರದೆ ಇರಲಾರದು.

ಮೊದಲು ಸ್ಟಿಯರಿಂಗೆಂದರೇನೆಂಬುದನ್ನು ತಿಳಿಯಬೇಕು. ಹಂಪಿ ಬಜಾರಿನಲ್ಲಿ ಪ್ರತಿವರ್ಷವೂ ಚೈತ್ರಮಾಸದಲ್ಲಿ ವಿರೂಪಾಕ್ಷಸ್ವಾಮಿಯ ತೇರು ಎಳೆಯಲ್ಪಡುವುದನ್ನು ಅನೇಕರು ನೋಡಿರುವರು. ತೇರಿನ ಅಚ್ಚು ಹೊರಳುವುದಿಲ್ಲ. ಅದು ದಾರಿ ಬಿಟ್ಟು ಓರೆಯಾದರೆ ಗಾಲಿಯ ಕೆಳಗೆ ಮರದ ಬೆಣೆಯನ್ನು ಕೊಟ್ಟು, ನೂರಾರು ಜನರ ಬಲದಿಂದ ಸರಿಗೆ ತರಬೇಕು. ಆ ಬೀದಿಯು ನೇರವಾಗಿ, ವಿಶಾಲವಾಗಿ ಇರುವುದು ತೇರಿಗೆ ದೊಡ್ಡ ಅನುಕೂಲವು. ಊರ ಸಂದಿಗೊಂದಿಗಳಲ್ಲಿ ತಿರುಗಬೇಕಾದ ಗಾಡಿಗಾದರೋ ಬೇರೆ ಉಪಾಯ ಬೇಕು. ಗಾಡಿಯು ತಿರುಗುವಾಗ ಒಳಮಗ್ಗುಲ ಗಾಲಿಯು ಚಿಕ್ಕ ವರ್ತುಲದಲ್ಲಿಯೂ ಹೊರಮಗ್ಗುಲ ಗಾಲಿಯು ದೊಡ್ಡ ವರ್ತುಲದಲ್ಲಿಯೂ ಉರುಳುವುದರಿಂದ ಎರಡೂ ಒಂದೇ ಕೋನದಲ್ಲಿ ಹೊರಳಿದರೆ ಸಾಗದು. ಕುದುರೆಗಾಡಿಗಳಿಗಾಗಿ ಜರ್ಮನಿಯ ಲಾಂಕೆನ್‌ಸ್ಪೆರ್ಗರನೆಂಬವನು ಇದಕ್ಕೊಂದು ಉಪಾಯವನ್ನು ಕಲ್ಪಿಸಿದನು. ಅವನ ಪರವಾಗಿ ಆಕರ್‌ಮನ್ ಎಂಬವನು ೧೮೧೮ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟು ಪಡೆದನು. ಇಂದಿನ ಮೋಟಾರುಗಳ ಮುಂಗಾಲಿಗಳು ಹೊರಳುವುದು ಆ ತತ್ತ್ವದ ಮೇಲೆಯೇ.

ಓಡಿಸುವವನು ಹಿಡಿದ ಚಕ್ರದಿಂದ ಒಂದು ಶಾಫ್ಟು ಕೆಳಗಿಳಿಯುವುದು. ಅವನ ಪಾದದ ಬಳಿಯಲ್ಲಿ ಅದಕ್ಕೆ ಕೈಯ ಮಣಿಕಟ್ಟಿನಂತೆ ಮಣಿಯುವ ಕೀಲುಗಳೂ, ದುರ್ಬೀನಿನ ಕೊಳವೆಯಂತೆ ಒಂದರೊಳಗೊಂದು ಸರಿಯುವ ಜಾರುಕೀಲೂ ಇರುವುವು. ಮುಂದೆ ಹಲ್ಲುಗಳ ಪೆಟ್ಟಿಗೆ; ಅದರ ಎರಡು ಪಕ್ಕಗಳಲ್ಲಿ ಟೈರಾಡುಗಳು; ಅವುಗಳ ತುದಿಯಲ್ಲಿ ಬಾಲ್ ಜಾಯಿಂಟುಗಳು; ಕೊನೆಗೆ ಗಾಲಿ. ಈ ಪಂಕ್ತಿಯಲ್ಲಿ ಎಲ್ಲಿ ಸದ್ದು ಹುಟ್ಟಿದರೂ ಅದು ಕಬ್ಬಿಣದ ಮೂಲಕ ಮೇಲೆ ಹರಿದು ಓಡಿಸುವವನ ಅಂಗೈಗೆ ಮುಟ್ಟುವುದು. ಆದುದರಿಂದ ಸದ್ದು ಕೇಳಿದ ಸ್ಥಳವೇ ಹುಟ್ಟಿದ ಸ್ಥಳವೆಂದು ನಂಬತಕ್ಕದ್ದಲ್ಲ.

ಇನ್ನು ವೃತ್ತಾಂತಕ್ಕೆ ಬರೋಣ. ನಮ್ಮ ಅಳಿಯಂದಿರು ಹೊಸಪೇಟೆಯಲ್ಲಿ ಗುತ್ತಿಗೆಯ ಕೆಲಸದವರು. ವಾರಕ್ಕೆ ಮೂರು ನಾಲ್ಕು ಸಲ ಸುಮಾರು ೩೦ ಕಿಲೋಮೀಟರು ದೂರದ ಸಂಡೂರಿಗೆ ಹೋಗಿಬರುವವರು. ಅವರು ಕೊಂಡ ನಾಲ್ಕು ಗಾಲಿಯ ಬಲದ ಗಾಡಿಗೆ ಐದು ತಿಂಗಳೂ ತುಂಬಿರಲಿಲ್ಲ. ಚಕ್ರವನ್ನು ತಿರುಗಿಸುವಾಗ ಕೆಲವು ದಿನ 'ಟಕ್' ಎಂದು ಒಂದು ಪೆಟ್ಟು ಕೇಳಿಬರತೊಡಗಿತು. ಕೆಲವು ದಿನ ಏನೂ ಇಲ್ಲ. ಎರಡು ಸಲ ಗಾಡಿಯನ್ನು ಮಾರಿದವರ ದುರಸ್ತಿಶಾಲೆಗೆ ಬಿಟ್ಟರು. ಎರಡು ಸಲವೂ 'ದೋಷ ಕಂಡುಬರಲಿಲ್ಲ' ಎಂಬ ಚೀಟಿಯೊಡನೆ ಗಾಡಿಯು ಹಿಂದಿರುಗಿತು. ನಮ್ಮ ಮಗಳು ಮಕ್ಕಳನ್ನು ಆ ಗಾಡಿಯಲ್ಲಿ ಸಂಡೂರಿನ ಗುಡ್ಡದ ತಿರುವುಗಳಿಗೆ ಕಳುಹಿಸಲೊಲ್ಲೆನೆಂದು ಹಟ ಹಿಡಿದಳು. ಅವಳ ಭಯವು ನ್ಯಾಯವಾದುದೇ ಸರಿ. ದೀಪ ಕೆಟ್ಟರೆ ಗಾಡಿಯನ್ನು ನಿಲ್ಲಿಸಬಹುದು. ಕಣಿವೆಯ ತಿರುವಿನಲ್ಲಿ ಸ್ಟಿಯರಿಂಗು ಕೆಟ್ಟರೆ ಮಾಡತಕ್ಕದ್ದೇನು? ಅಳಿಯಂದಿರ ಅಣ್ಣನವರು, ನಷ್ಟವಾದರೂ ಚಿಂತೆಯಿಲ್ಲ, ಮಾರಿಬಿಡುವುದೇ ಲೇಸೆಂದರು. ದೋಷವನ್ನು ತಿಳಿಯದೆ ಮಾರಿದರೆ ಅದೇ ಅಪಾಯವನ್ನು ಮತ್ತೊಬ್ಬ ಗೃಹಸ್ಥನ ಮಕ್ಕಳಿಗೆ ಮಾರಿದಂತಾಗುವುದೆಂದು ನಾವು ಹೇಳಿದೆವು.

ಇಲ್ಲಿ ನಮ್ಮ ಹಳೆಯ ತರ್ಕಶಾಸ್ತ್ರದ ಒಂದು ಮಾತು ಉಪಕಾರಕ್ಕೆ ಬಂದಿತು. ಒಂದು ವಸ್ತುವು ಒಮ್ಮೆ ಇದ್ದು ಒಮ್ಮೆ ಇಲ್ಲದಿದ್ದರೆ ಅದನ್ನು ಕಾದಾಚಿತ್ಕವೆನ್ನುವರು. ಕಾದಾಚಿತ್ಕವಾದುದಕ್ಕೆ ಕಾರಣವಿರಲೇಬೇಕೆಂಬುದು ನೈಯಾಯಿಕರ ವಾದವು. ಕಾರಣವಿಲ್ಲದಿದ್ದರೆ ಅದು ಸದಾ ಇರಬೇಕಾಗಿತ್ತು, ಇಲ್ಲವೆ ಎಂದಿಗೂ ಇರಬಾರದಾಗಿತ್ತು. ಬಂದು ಹೋಗುವ ಸದ್ದು 'ಸುಮ್ಮನೆ ಬರುತ್ತದೆ' ಎನ್ನುವುದು ಸಲ್ಲದು. ಬಂದ ದಿನಕ್ಕೂ ಬಾರದ ದಿನಕ್ಕೂ ಏನು ಭೇದವೆಂಬುದರಲ್ಲಿಯೇ ಕಾರಣವು ಅಡಗಿರುವುದು. ಆ ಭೇದವನ್ನು ನೆನಪಿನಿಂದ ಹೇಳಲಾಗದು, ಬರೆದಿಟ್ಟೇ ತಿಳಿಯಬೇಕು.

ಮೊಟ್ಟಮೊದಲು ಗಾಡಿಯನ್ನು ಬರಿದು ಮಾಡಿಸಿದೆವು. ಬಾಗಿಲ ಚೀಲಗಳಿಂದ ನಾಣ್ಯಗಳೂ, ಆಸನದ ಕೆಳಗಿನಿಂದ ನೀರಿನ ಶೀಸೆಯೂ, ಮನೆಯವರೆಲ್ಲ ತಿಂಗಳಿನಿಂದ ಹುಡುಕುತ್ತಿದ್ದ ಅಡಕತ್ತರಿಯೂ ಹೊರಬಿದ್ದುವು. ಅಡಕತ್ತರಿ ಸಿಕ್ಕಿತು, ಸದ್ದು ನಿಲ್ಲಲಿಲ್ಲ. ಆಮೇಲೆ ಒಂದು ನೋಟುಪುಸ್ತಕದಲ್ಲಿ ಅಂಕಣಗಳನ್ನು ಗೀಚಿ ಅಳಿಯಂದಿರ ಕೈಗೆ ಕೊಟ್ಟೆವು. ಹೊತ್ತು, ಎಂಜಿನ್ನು ಎಷ್ಟು ಹೊತ್ತಿನಿಂದ ನಡೆಯುತ್ತಿದೆ, ರಸ್ತೆ, ವೇಗ, ಎಡಕ್ಕೋ ಬಲಕ್ಕೋ, ಚಕ್ರವು ಎಷ್ಟು ತಿರುಗಿತ್ತು, ಎರಡು ಗಾಲಿಯ ಬಲವೋ ನಾಲ್ಕರದೋ, ಕೊನೆಗೆ ಸದ್ದು ಉಂಟೋ ಇಲ್ಲವೋ. ಸದ್ದಿಲ್ಲದ ದಿನವನ್ನೂ ತಪ್ಪದೆ ಬರೆಯಬೇಕೆಂಬುದು ನಮ್ಮ ನಿಯಮವಾಗಿತ್ತು.

ಹದಿನಾಲ್ಕು ದಿನಗಳಲ್ಲಿ ಆರು ದಿನ ಸದ್ದು ಬಂದಿತ್ತು. ಅವುಗಳಲ್ಲಿ ಮೂರು ಸಲ ಅದು ಕೇಳಿಸಿದ್ದು ನೆಂಟರನ್ನು ಹಂಪಿ ಬಜಾರಿಗೆ ಕರೆದುಕೊಂಡು ಹೋದಾಗ, ವಾಹನ ನಿಲ್ಲಿಸುವ ಬಯಲಿನಲ್ಲಿ. ಮನೆಯ ಹಿರಿಯ ಹೆಂಗಸರು ಆ ಸ್ಥಳದಲ್ಲಿ ಏನೋ ದೃಷ್ಟಿಯ ದೋಷವಿರಬೇಕೆಂದು ಗಾಲಿಯ ಕೆಳಗೆ ನಿಂಬೆಯ ಹಣ್ಣನ್ನು ಇಡಿಸಿದರು. ನಾವು ಅಡ್ಡ ಮಾತಾಡಲಿಲ್ಲ. ಆದರೆ ಪುಸ್ತಕವು ಬೇರೆ ಕಥೆಯನ್ನು ಹೇಳುತ್ತಿತ್ತು. ಉಳಿದ ಮೂರು ದಿನಗಳಲ್ಲಿ ಎರಡು ಸಲ ಮನೆಯ ಗೇಟಿನಲ್ಲಿಯೂ ಒಂದು ಸಲ ಕಂಪ್ಲಿಯ ಪೇಟೆಯಲ್ಲಿಯೂ ಸದ್ದು ಬಂದಿತ್ತು. ಮತ್ತೊಂದು ದಿನ ಬೆಳಗಿನ ತಂಪಿನಲ್ಲಿ ಹಂಪಿಗೇ ಹೋದಾಗ ಬಂದಿರಲಿಲ್ಲ. ಗಡಿಗೆ ಮಾಡುವಾಗ ಕುಂಬಾರನ ಕತ್ತೆಯು ಹತ್ತಿರದಲ್ಲಿರುವುದುಂಟು. ಅಷ್ಟರಿಂದ ಕತ್ತೆಯು ಗಡಿಗೆಗೆ ಕಾರಣವಾಗದು. ತರ್ಕದಲ್ಲಿ ಇಂಥದನ್ನು ಅನ್ಯಥಾಸಿದ್ಧವೆನ್ನುವರು. ಹಂಪಿಯು ಈ ಸದ್ದಿಗೆ ಕುಂಬಾರನ ಕತ್ತೆಯಾಗಿತ್ತು.

ಹಾಗಾದರೆ ಆರು ದಿನಗಳಿಗೂ ಸಮಾನವಾದುದೇನು? ಆರು ದಿನವೂ ಗಾಡಿಯು ಮಧ್ಯಾಹ್ನದ ಬಿಸಿಲಿನಲ್ಲಿ ಸಂಡೂರಿನಿಂದ ಬಂದಿತ್ತು. ಎಂಜಿನ್ನು ಅರ್ಧ ಗಂಟೆಗೂ ಮೇಲ್ಪಟ್ಟು ನಡೆದು ಕಾದಿತ್ತು. ಇಕ್ಕಟ್ಟಾದ ಸ್ಥಳದಲ್ಲಿ ಮೆಲ್ಲಗೆ, ಚಕ್ರವನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸಬೇಕಾಗಿ ಬಂದಿತ್ತು. ಕಾವು ಇದ್ದು ತಿರುವು ಇಲ್ಲದಾಗ ಸದ್ದಿಲ್ಲ. ತಿರುವು ಇದ್ದು ಕಾವು ಇಲ್ಲದಾಗಲೂ ಇಲ್ಲ. ಇದೇ ಅನ್ವಯ, ಇದೇ ವ್ಯತಿರೇಕ. ತರ್ಕದ ಪಾಠದಲ್ಲಿ ಹೊಗೆಗೂ ಬೆಂಕಿಗೂ ಇರುವ ಸಂಬಂಧಕ್ಕೆ ಅಡುಗೆಮನೆಯನ್ನೂ, ಎರಡೂ ಇಲ್ಲದಿರುವುದಕ್ಕೆ ಮಡುವನ್ನೂ ದೃಷ್ಟಾಂತವಾಗಿ ಕೊಡುವುದು ಇದಕ್ಕಾಗಿಯೇ. ದುರಸ್ತಿಶಾಲೆಯಲ್ಲಿ ಸದ್ದೇಕೆ ಕೇಳಿಸಲಿಲ್ಲವೆಂಬುದೂ ಈಗ ತಿಳಿಯಿತು. ಗಾಡಿಯನ್ನು ಸಂಜೆ ಬಿಡುತ್ತಿದ್ದರು; ಅದು ರಾತ್ರಿಯೆಲ್ಲ ನೆರಳಿನಲ್ಲಿ ತಣ್ಣಗಾಗಿ, ಬೆಳಗ್ಗೆ ಪರೀಕ್ಷೆಗೆ ನಿಲ್ಲುತ್ತಿತ್ತು. ಅಲ್ಲಿಯವರು ಸುಳ್ಳು ಬರೆದಿರಲಿಲ್ಲ. ಜ್ವರವಿಲ್ಲದ ಹೊತ್ತಿನಲ್ಲಿ ಮೈ ಮುಟ್ಟಿದ್ದರು, ಅಷ್ಟೆ.

ಹೊಸಪೇಟೆಯಲ್ಲಿ ನಮಗೆ ಪರಿಚಿತನಾದ ವಯಸ್ಸಾದ ಮೆಕ್ಯಾನಿಕನೊಬ್ಬನಿದ್ದಾನೆ. ಪುಸ್ತಕವನ್ನು ತೋರಿಸಿದಾಗ ಅವನು ನಕ್ಕು, "ಮೇಷ್ಟ್ರೇ, ಎಲ್ಲಾರೂ ಗಾಡಿ ತರ್ತಾರ್ರೀ, ಸದ್ದು ಮನ್ಯಾಗ ಬಿಟ್ಟು ಬರ್ತಾರ. ನೀವು ಸದ್ದು ತರ್ರಿ" ಎಂದನು. ಅದರಂತೆ ಮಾರನೆಯ ದಿನ ಸಂಡೂರಿನಿಂದ ನೇರವಾಗಿ, ಕಾದ ಗಾಡಿಯನ್ನು ಅವನ ಗ್ಯಾರೇಜಿಗೆ ತಂದೆವು. ಸದ್ದೂ ನಮ್ಮೊಡನೆ ಬಂದಿತು.

ಅವನು ಪರೀಕ್ಷಿಸಿದ ಕ್ರಮವು ಗಮನಿಸತಕ್ಕದ್ದು. ಗಾಡಿಯನ್ನು ನಿಲ್ಲಿಸಿಯೇ ಚಕ್ರವನ್ನು ತಿರುಗಿಸಿದನು, ಸದ್ದು ಬಂದಿತು. ಗಾಲಿಯು ಉರುಳದೆಯೇ ಬಂದುದರಿಂದ ಗಾಲಿಯ ಬೇರಿಂಗು, ಬ್ರೇಕು, ಟೈರು ಮೊದಲಾದುವುಗಳ ಮೇಲಿನ ಸಂಶಯವು ತೀರಿತು. ಎರಡು ಗಾಲಿಯ ಬಲದಲ್ಲಿಯೂ ನಾಲ್ಕರ ಬಲದಲ್ಲಿಯೂ ಸದ್ದು ಒಂದೇ ಆಗಿದ್ದುದರಿಂದ ಬಲವನ್ನು ಹಂಚುವ ಪೆಟ್ಟಿಗೆಯೂ ನಿರ್ದೋಷಿಯಾಯಿತು. ಇಲ್ಲಿ ಒಂದು ಮಾತು. ಬೇಕೆಂದಾಗ ಮಾತ್ರ ನಾಲ್ಕು ಗಾಲಿಯ ಬಲ ಹಾಕಿಕೊಳ್ಳುವ ಗಾಡಿಗಳಲ್ಲಿ, ಆ ಬಲವನ್ನು ಹಾಕಿದಾಗ ಹಿಂದು ಮುಂದಿನ ಅಚ್ಚುಗಳು ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯಲ್ಪಡುವುವು. ತಿರುವಿನಲ್ಲಿ ಮುಂಗಾಲಿಗಳು ಹಿಂಗಾಲಿಗಳಿಗಿಂತ ಹೆಚ್ಚು ದೂರ ನಡೆಯಬೇಕು. ಮಣ್ಣಿನಲ್ಲಿ ಗಾಲಿಯು ಸ್ವಲ್ಪ ಜಾರಿ ಆ ಅಂತರವನ್ನು ಸರಿದೂಗಿಸಿಕೊಳ್ಳುವುದು; ಗಟ್ಟಿಯಾದ ಡಾಂಬರಿನಲ್ಲಿ ಜಾರಲಾರದೆ ಗಾಡಿಯು ಜಗ್ಗಿ ಸದ್ದು ಮಾಡುವುದು. ಅದು ಗಾಡಿಯ ದೋಷವಲ್ಲ. ಡಾಂಬರಿನಲ್ಲಿ ಆ ಬಲವನ್ನು ಬಳಸಬಾರದೆಂಬ ಸೂಚನೆಯು.

ಬಳಿಕ ಮುಂಗಾಲಿಗಳನ್ನು ನೆಲದಿಂದ ಎತ್ತಿ, ಭದ್ರವಾದ ಆಧಾರಗಳ ಮೇಲೆ ಗಾಡಿಯನ್ನು ನಿಲ್ಲಿಸಿ ಚಕ್ರವನ್ನು ತಿರುಗಿಸಿದನು. ಸದ್ದು ನಿಂತಿತು. ಚಕ್ರದ ಒಳಗಡೆ ಹಾರ್ನಿಗೂ ಗಾಳಿಚೀಲಕ್ಕೂ ವಿದ್ಯುತ್ತನ್ನು ಒಯ್ಯುವ ಸುರುಳಿತಂತಿಯು ಉಜ್ಜುತ್ತಿದ್ದರೆ ಗಾಲಿಯು ನೆಲದ ಮೇಲಿದ್ದರೇನು, ಗಾಳಿಯಲ್ಲಿದ್ದರೇನು, ಸದ್ದು ಬರಬೇಕಾಗಿತ್ತು. ಭಾರ ಬಿದ್ದಾಗ ಮಾತ್ರ ಬಂದುದರಿಂದ ಭಾರವನ್ನು ಹೊರುವ ಕೀಲುಗಳಲ್ಲಿಯೇ ಅದರ ಮೂಲವಿರಬೇಕು. ಕೊನೆಗೆ ಗಾಲಿಗಳನ್ನು ನೆಲಕ್ಕಿಳಿಸಿ, ಒಬ್ಬನು ಚಕ್ರವನ್ನು ಸ್ವಲ್ಪ ಸ್ವಲ್ಪವಾಗಿ ಆಡಿಸುತ್ತಿರಲು ಮೆಕ್ಯಾನಿಕನು ಒಂದೊಂದೇ ಕೀಲಿನ ಮೇಲೆ ಕೈಯಿಟ್ಟನು. ಟೈರಾಡಿನ ತುದಿ, ಬಾಲ್ ಜಾಯಿಂಟು, ಸ್ಪ್ರಿಂಗಿನ ನೆತ್ತಿ ಇವೆಲ್ಲ ಸುಮ್ಮನಿದ್ದುವು. ಪಾದದ ಬಳಿಯ ಜಾರುಕೀಲನ್ನು ಮುಟ್ಟಿದಾಗ ಪೆಟ್ಟು ಅವನ ಬೆರಳಿಗೆ ತಗುಲಿತು.

ಅವನು ಅದನ್ನು ಬಿಚ್ಚಲಿಲ್ಲ. ಗ್ಯಾರಂಟಿಯ ಅವಧಿಯಲ್ಲಿರುವ ಗಾಡಿಯ ಸ್ಟಿಯರಿಂಗನ್ನು ಹೊರಗಿನವರು ಬಿಚ್ಚಬಾರದೆಂದು ಹೇಳಿ, ಕಂಡುದನ್ನು ಪುಸ್ತಕದಲ್ಲಿ ಬರೆಸಿ, ಬಿಸಿಯಾರುವುದಕ್ಕೆ ಮುಂಚೆಯೇ ಮಾರಿದವರಲ್ಲಿಗೆ ಹೋಗಿರೆಂದನು. ಅಲ್ಲಿಯ ತರುಣ ಕೆಲಸಗಾರನು ಸದ್ದನ್ನು ತನ್ನ ಕಿವಿಯಿಂದ ಕೇಳಿ, ಕೈಯಿಂದ ಮುಟ್ಟಿ ಒಪ್ಪಿಕೊಂಡನು. ಶಾಫ್ಟನ್ನು ಹೊರತೆಗೆದಾಗ ಜಾರುಕೀಲಿನ ರಬ್ಬರು ಕವಚವು ತನ್ನ ಸ್ಥಾನದಲ್ಲಿ ಕುಳಿತಿರಲಿಲ್ಲ. ಒಳಗಿನ ಗ್ರೀಸು ಬತ್ತಿ, ಉಳಿದ ಜಿಡ್ಡಿನಲ್ಲಿ ಸಂಡೂರಿನ ಕೆಂಪು ಧೂಳು ಬೆರೆತಿತ್ತು. ತಂಪಿನಲ್ಲಿ ಆ ಜಿಡ್ಡು ದಪ್ಪಗಿದ್ದು ಕೀಲನ್ನು ಹೇಗೋ ಕಾಯುತ್ತಿತ್ತು. ಎಂಜಿನ್ನಿನ ಕಾವಿಗೆ ತೆಳ್ಳಗಾದೊಡನೆ ಲೋಹವು ಲೋಹವನ್ನು ಹಿಡಿಯುತ್ತಿತ್ತು. ಚಕ್ರವನ್ನು ತಿರುಗಿಸಿದಾಗ ಕ್ಷಣಕಾಲ ಅಂಟಿ, ಒತ್ತಡ ಹೆಚ್ಚಿದಾಗ ಫಕ್ಕನೆ ಜಾರುತ್ತಿತ್ತು. ಅದೇ ಆ 'ಟಕ್'. ಪಿಟೀಲಿನ ಕಮಾನು ತಂತಿಯನ್ನು ಹಿಡಿದು ಬಿಟ್ಟು ನಾದವನ್ನೆಬ್ಬಿಸುವುದೂ, ಕೀಲೆಣ್ಣೆ ಕಾಣದ ಬಂಡಿಯ ಗಾಲಿಯು ಕಿರುಗುಟ್ಟುವುದೂ ಈ ಅಂಟಿ ಜಾರುವ ಗುಣದಿಂದಲೇ.

ಶಾಫ್ಟನ್ನು ದುಡ್ಡು ತೆಗೆದುಕೊಳ್ಳದೆ ಬದಲಾಯಿಸಿಕೊಟ್ಟರು. ಆದರೆ ಬಂದು ಹೋಗುವ ದೋಷದಲ್ಲಿ ಒಂದು ದಿನದ ಮೌನವು ಗುಣವಾದುದಕ್ಕೆ ಪ್ರಮಾಣವಲ್ಲ. ಮೊದಲು ಸದ್ದನ್ನು ತಂದ ಅದೇ ಹೊತ್ತು, ಅದೇ ದಾರಿ, ಅದೇ ತಿರುವುಗಳಲ್ಲಿ ಎರಡು ವಾರ ಓಡಿಸಿ, ಪ್ರತಿದಿನವೂ 'ಇಲ್ಲ' ಎಂದು ಬರೆದ ಮೇಲೆಯೇ ನಮ್ಮ ಮಗಳು ಮಕ್ಕಳನ್ನು ಹತ್ತಿಸಿದಳು.

ಗೃಹಸ್ಥರು ನೆನಪಿಡತಕ್ಕ ಮಾತುಗಳು ಕೆಲವಿವೆ. ಸದ್ದಿನೊಡನೆ ಚಕ್ರವು ಭಾರವಾದರೆ, ಸಡಿಲವಾಗಿ ಆಡಿದರೆ, ಇಲ್ಲವೆ ಗಾಡಿಯು ತಾನಾಗಿ ಒಂದು ಮಗ್ಗುಲಿಗೆ ಎಳೆದರೆ ಪುಸ್ತಕ ಬರೆಯುತ್ತ ಕೂರಬಾರದು; ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ ಬಲ್ಲವರನ್ನು ಕರೆಸಬೇಕು. ಬರಿಯ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು. ಊಹೆಯಿಂದ ಒಂದೊಂದೇ ಭಾಗವನ್ನು ಬದಲಾಯಿಸುತ್ತ ಹೋಗುವುದು, ರೋಗ ತಿಳಿಯದೆ ಔಷಧಿಗಳನ್ನು ಬದಲಾಯಿಸಿದಂತೆಯೇ ದುಬಾರಿಯೂ ಅಪಾಯಕರವೂ ಆದುದು. ದುರಸ್ತಿಶಾಲೆಗೆ ಕೊಟ್ಟ ಪ್ರತಿಯೊಂದು ದೂರನ್ನೂ ತಾರೀಖಿನೊಡನೆ ಬರೆಸಿ, ಚೀಟಿಯನ್ನು ಜೋಪಾನಮಾಡತಕ್ಕದ್ದು. ಗ್ಯಾರಂಟಿಯು ಮುಗಿದ ಮೇಲೆ ಅದೇ ಸಾಕ್ಷಿಯು.

ನಮ್ಮ ನೋಟುಪುಸ್ತಕವು ಈಗ ಅಡುಗೆಮನೆಯ ಗೂಟಕ್ಕೆ ತೂಗುಬಿದ್ದಿದೆ. ಬೋರಿನ ಪಂಪು ಒಂದೊಂದು ದಿನ ಮಾತ್ರ ನೀರೆತ್ತದಿರುವುದನ್ನೂ, ಕಿರಿಯ ಮೊಮ್ಮಗನಿಗೆ ಆಗಾಗ ಬರುವ ಹೊಟ್ಟೆನೋವನ್ನೂ ನಮ್ಮ ಮಗಳು ಅದರಲ್ಲಿ ಬರೆಯತೊಡಗಿದ್ದಾಳೆ. ಹೊಟ್ಟೆನೋವಿನ ಪುಟದಲ್ಲಿ ನಾಲ್ಕು ಸಲ 'ಉಂಟು' ಎಂದಿದೆ. ನಾಲ್ಕೂ ಶಾಲೆಯಲ್ಲಿ ಗಣಿತದ ಪರೀಕ್ಷೆಯಿದ್ದ ದಿನಗಳೇ.